ಜಗಳಗಂಟಿಯ ಮರಿ

ಭಾನುವಾರ, ಹದಿನಾರನೇ ತಾರೀಖು

ನನ್ನ ಮಗಳ ಚಿಕ್ಕಿಯವರಿಗೆ,

ಹೇಳದೆ ಬಿಟ್ಟುಬಿಡೋಣ ಎಂದುಕೊಂಡಿದ್ದ ಮಾತನ್ನೇ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ನಾನು ಒಳ್ಳೆಯವಳಾಗಿಬಿಡುತ್ತೇನೆ. ನಿಮ್ಮ ಅಡುಗೆಮನೆಯ ಕಿಟಕಿಯಲ್ಲಿ ಗುಲಾಬಿ ಬಣ್ಣದ ಹೂ ಹೊತ್ತು ಕೂತಿರುವ ಕಳ್ಳಿ ಗಿಡ ನಾನು ಕೊಟ್ಟು ಕಳಿಸಿದ್ದಲ್ಲ. ಆ ಹೂವೂ ಆ ಗಿಡದ್ದಲ್ಲ, ಯಾರೋ ಅಂಟಿಸಿದ್ದು. ಇದು ನನಗೆ ಗೊತ್ತಾಗಿ ಹತ್ತು ದಿನವಾಯಿತು. ಗೊತ್ತಾದ ಗಳಿಗೆಯಲ್ಲಿ ನನಗೆ ಆದದ್ದು ಸಂತೋಷ. ಅದಕ್ಕೆ ಬೇರೆ ಯಾವ ಹೆಸರು ಕೊಟ್ಟರೂ ಸುಳ್ಳಾಗುತ್ತದೆ.

ಪತ್ರವನ್ನು ಇಲ್ಲಿಗೇ ಮಡಚಿ ಇಡಬೇಡಿ. ಕಡ್ಡಿಗೆ ತೋರಿಸಲೂ ಬೇಡಿ. ನೀವೂ ಈಗ ಅವಳನ್ನು ಕಡ್ಡಿ ಎಂದೇ ಕರೆಯುತ್ತೀರಂತೆ. ಆ ಹೆಸರು ಇಟ್ಟವಳು ನಾನು, ಹುಟ್ಟಿದ ದಿನ ಅವಳ ಕಾಲು ನೋಡಿ. ಕಳೆದ ಸಲ ಅವಳು ಕಳಿಸಿದ ಫೋಟೋದಲ್ಲಿ ಕೆನ್ನೆ ತುಂಬಿಕೊಂಡಿತ್ತು. ಇನ್ನು ಆ ಹೆಸರೂ ಒಪ್ಪುವುದಿಲ್ಲ. ನನ್ನ ಕೈಯಲ್ಲಿ ಹದಿನೇಳು ವರ್ಷ ತುಂಬದ ಕೆನ್ನೆ ನಿಮ್ಮ ಮನೆಯಲ್ಲಿ ಒಂದೇ ವರ್ಷದಲ್ಲಿ ತುಂಬಿತು. ನೋಡಿ, ಶುರುವಾಯಿತು.

ನಿಮ್ಮನ್ನು ಏನೆಂದು ಕರೆಯುವುದೋ ತಿಳಿಯದೆ ಎರಡು ಹಾಳೆ ಹರಿದೆ. ನಾವು ಭೇಟಿಯಾದದ್ದು ಒಂದೇ ಸಲ, ಅವಳ ಪೆಟ್ಟಿಗೆಗಳನ್ನು ನಿಮ್ಮ ಬಾಗಿಲಲ್ಲಿ ಇಳಿಸಿದ ದಿನ. ನೀವು ಒದ್ದೆ ಕೂದಲಲ್ಲೇ ಬಾಗಿಲು ತೆಗೆದಿರಿ. ಈಜುಕೊಳದಿಂದ ಆಗಷ್ಟೇ ಬಂದಿದ್ದಿರಿ. ಮಕ್ಕಳಿಗೆ ಈಜು ಕಲಿಸುವುದು ನಿಮ್ಮ ಕೆಲಸ ಎಂದು, ಈಗ ನಿಮ್ಮ ಜೊತೆಯಲ್ಲಿರುವ ಕಡ್ಡಿಯ ಅಪ್ಪ ಮೊದಲೇ ಹೇಳಿದ್ದರು. ನೀವು ಬಾಯಿ ತುಂಬ ಮಾತಾಡಿದಿರಿ, ನಾನು ನಿಮ್ಮ ಮನೆಯ ಕಿಟಕಿಗಳಿಗೆ ಎಷ್ಟು ಹೊತ್ತು ಬಿಸಿಲು ಬರುತ್ತದೆ ಎಂದು ಕೇಳಿದೆ. ಆಮೇಲೆ ಫೋನಿನಲ್ಲಿ ನಿಮ್ಮ ಹೆಸರು ಬದಲಾಗುತ್ತ ಹೋದದ್ದನ್ನು ಕೇಳಿಸಿಕೊಂಡೆ. ಮೊದಲು "ಅವರು" ಆಗಿದ್ದಿರಿ. ಸ್ವಲ್ಪ ದಿನಕ್ಕೆ "ಆಂಟಿ" ಆದಿರಿ. ಒಂದು ದಿನ ಅವಳು ಮಾತಿನ ಭರದಲ್ಲಿ "ಚಿಕ್ಕಿ" ಎಂದುಬಿಟ್ಟಳು. ಅಂದುಬಿಟ್ಟದ್ದು ಅವಳಿಗೂ ಗೊತ್ತಾಯಿತು. ನಾನೇ, "ಸರಿ, ಆಮೇಲೇನಾಯ್ತು ಹೇಳು" ಎಂದೆ.

ಮೊದಲು ಈ ಪತ್ರವನ್ನು ಇಂಗ್ಲಿಷಿನಲ್ಲಿ ಬರೆಯಲು ಕೂತಿದ್ದೆ. ಶಾಲೆಯಲ್ಲಿ ನಮಗೆ ಪತ್ರ ಬರೆಯಲು ಕಲಿಸಿದ್ದು ಆ ಭಾಷೆಯಲ್ಲೇ. ಮೂರು ಸಾಲಿಗೇ ಅದು ಬ್ಯಾಂಕಿನವರ ಪತ್ರದ ಹಾಗೆ ಸಭ್ಯವಾಗಿಬಿಟ್ಟಿತು. ಹೊಟ್ಟೆಕಿಚ್ಚಿಗೆ ಅಲ್ಲಿ ನನಗೆ ಸಿಗುವುದು ಪುಸ್ತಕದ ಪದ. ಇಲ್ಲಿ ಹೊಟ್ಟೆಯೂ ಇದೆ, ಕಿಚ್ಚೂ ಇದೆ.

ನನ್ನ ಗಿಡಗಳ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಒಂದು ಕುಂಡಕ್ಕೆ ಇಷ್ಟು ಉದ್ದದ ಪತ್ರವೇಕೆ ಅನಿಸೀತು. ಕನ್ನಡಕದಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಕಣ್ಣು ಪರೀಕ್ಷಿಸುವವಳು ನಾನು. ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ ಎಂದು ದಿನವಿಡೀ ಕೇಳಿ ಮನೆಗೆ ಬರುವಷ್ಟರಲ್ಲಿ ಮಾತು ಸಾಕಾಗಿರುತ್ತದೆ. ಕಳ್ಳಿಗಳು ಏನನ್ನೂ ಕೇಳುವುದಿಲ್ಲ. ಅಂಗಡಿಯವರು ಎಸೆಯಲಿದ್ದ, ಕನ್ನಡಕ ಜೋಡಿಸಿಡುವ ಗಾಜಿನ ಕಪಾಟನ್ನು ಹೊತ್ತು ತಂದು ಬಾಲ್ಕನಿಯಲ್ಲಿ ನಿಲ್ಲಿಸಿದ್ದೇನೆ. ಒಂದು ಹಲಗೆಯ ಮೇಲೆ ಬೆಣಚುಕಲ್ಲಿನಂತೆ ಕಾಣುವವು, ಮುಟ್ಟಿದರೆ ಮಾತ್ರ ಗಿಡವೆಂದು ತಿಳಿಯುವಂಥವು. ಇನ್ನೊಂದರ ಮೇಲೆ ದಪ್ಪ ಎಲೆಗಳನ್ನು ಗುಲಾಬಿಯ ಹಾಗೆ ಜೋಡಿಸಿಕೊಂಡ ಸಕ್ಯುಲೆಂಟ್‌ಗಳು. ಮೂಲೆಯಲ್ಲಿ ಮೈತುಂಬ ಬಿಳಿ ಕೂದಲು ಬಿಟ್ಟ ಒಂದು ಕಂಬ. ಅವನಿಗೆ ತಾತ ಎಂದು ಹೆಸರು. ಫ್ರೇಮಿನ ಸಣ್ಣ ಸ್ಕ್ರೂ ಹಿಡಿಯುವ ಚಿಮುಟದಿಂದ ಬೆರಳಿನ ಮುಳ್ಳು ಕೀಳುತ್ತೇನೆ. ಕಡ್ಡಿಯ ಅಪ್ಪ ಈ ಮನೆಯಲ್ಲಿದ್ದಾಗ ಒಮ್ಮೆ ಟವೆಲಿಗೆ ಮುಳ್ಳು ಸಿಕ್ಕಿಸಿಕೊಂಡು ಕೂಗಾಡಿದ್ದರು: "ಈ ಮನೇಲಿ ಮುಳ್ಳಿಲ್ದಿರೋ ವಸ್ತು ಅಂತ ಒಂದಾದ್ರೂ ಇದ್ಯಾ?" ಹಾಗೆ ಹೇಳುವಾಗ ಅವರು ನೋಡಿದ್ದು ಗಿಡವನ್ನಲ್ಲ. ಮಾತು ಚೆನ್ನಾಗಿತ್ತು, ನಾನೂ ನಕ್ಕೆ.

ಎಲ್ಲಕ್ಕಿಂತ ಹಳೆಯದು ಜಗಳಗಂಟಿ. ಕಿತ್ತಳೆಯಷ್ಟು ದಪ್ಪದ ಗುಂಡು ಗಿಡ, ಪ್ರತಿ ಗುಬಟಿನ ನಡುವೆ ಒಂದು ಕೊಕ್ಕೆ ಮುಳ್ಳು, ಮೀನಿನ ಗಾಳದಂಥದ್ದು. ಕಡ್ಡಿ ಏಳು ವರ್ಷದವಳಿದ್ದಾಗ ಶಾಲೆಯ ಸ್ವೆಟರಿನ ತೋಳು ಅದಕ್ಕೆ ಸಿಕ್ಕಿ, ಕುಂಡದ ಸಮೇತ ಎಳೆದುಕೊಂಡು ಅಡುಗೆಮನೆಗೆ ಬಂದಿದ್ದಳು. "ಅಮ್ಮ, ಬಿಡಿಸು! ನಾನು ಬಿಟ್ರೂ ಇದು ಬಿಡ್ತಿಲ್ಲ, ಜಗಳಗಂಟಿ!" ಅಂದಿನಿಂದ ಅದೇ ಹೆಸರು. ಅದು ಮೊದಲ ಸಲ ಹೂ ಬಿಡಲು ಏಳು ವರ್ಷ ಹಿಡಿಯಿತು. ಬಿಟ್ಟಾಗ ಅವಳು ಶಾಲೆಗೆ ಚಕ್ಕರ್ ಹಾಕಿ ಅದರ ಮುಂದೆ ಕೂತಿದ್ದಳು, ನಾನೂ ಅಂಗಡಿಗೆ ತಲೆನೋವೆಂದು ಹೇಳಿ ಕೂತಿದ್ದೆ.

ಹೋದ ವರ್ಷ ಅವಳು ನಕ್ಷೆ ಬಿಡಿಸುವ ಕೋರ್ಸಿಗೆಂದು ನಿಮ್ಮೂರಿಗೆ ಹೊರಟಾಗ ಆ ಗಿಡದ ಬುಡದಲ್ಲಿದ್ದ ಮರಿಯೊಂದನ್ನು ಕತ್ತರಿಸಿ, ಬೇರು ಬರಿಸಿ, ಕಾಗದದ ಕಪ್ಪಿನಲ್ಲಿಟ್ಟು ಕೊಟ್ಟೆ. ಒಂದೇ ವರ್ಷ ಎಂಬ ಮಾತಿತ್ತು. ಅವಳು ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಆಮೇಲೆ ಫೋನುಗಳು ಬಂದವು. ನೀವು ಅವಳ ಕೂದಲು ಕತ್ತರಿಸಿದಿರಿ, ಚೆನ್ನಾಗಿಯೇ ಕತ್ತರಿಸಿದ್ದೀರಿ. ನಿಮ್ಮ ಸ್ಕೂಟರ್ ಓಡಿಸಲು ಬಿಟ್ಟಿರಿ. ಇವನ್ನೆಲ್ಲ ನಾನು ನುಂಗಿಕೊಂಡೆ. ಈಜು ಮಾತ್ರ ಗಂಟಲಲ್ಲಿ ನಿಂತಿತು. ಅವಳಿಗೆ ನೀರೆಂದರೆ ಭಯ. ಚಿಕ್ಕವಳಿದ್ದಾಗ ಎರಡು ಸಲ ಕೊಳಕ್ಕೆ ಕರೆದೊಯ್ದಿದ್ದೆ. ಎರಡು ಸಲವೂ ಅವಳು ನನ್ನ ಕುತ್ತಿಗೆ ತಬ್ಬಿಕೊಂಡು ಅತ್ತಳು, ನಾನೂ ಅವಳನ್ನು ಬಿಡಲಿಲ್ಲ. ಆ ಭಯ ಅವಳ ಸ್ವಭಾವ ಎಂದೇ ನಂಬಿದ್ದೆ. ಒಂದು ಸಂಜೆ ಫೋನು ಮಾಡಿ, "ಅಮ್ಮ, ಚಿಕ್ಕಿ ನಡುನೀರಲ್ಲಿ ಕೈ ಬಿಟ್ಬಿಟ್ರು ಗೊತ್ತಾ, ನಾನು ಮುಳುಗ್ಲೇ ಇಲ್ಲ!" ಎಂದು ಕಿರುಚಿದಳು. ಒಳ್ಳೆಯದಾಯಿತು ಎಂದೆ. ಫೋನಿಟ್ಟು, ತೊಳೆದಿಟ್ಟ ಪಾತ್ರೆಗಳನ್ನು ಇನ್ನೊಮ್ಮೆ ತೊಳೆದೆ.

ಹೀಗಿರುವಾಗ ಆ ಫೋಟೋ ಬಂತು. ಕಿಟಕಿ, ಗಿಡ, ನೆತ್ತಿಯ ಮೇಲೆ ಹೂ. ಕೆಳಗೆ ಅವಳ ಮಾತು: "ಚಿಕ್ಕಿಯ ಕೈಗುಣ! ಇಲ್ಲಿ ಬಂದು ಜಗಳಗಂಟಿ ಎಷ್ಟು ಸಾಧುವಾಗಿದೆ ನೋಡು." ನನಗೆ ಏಳು ವರ್ಷ ಸತಾಯಿಸಿದ ಗಿಡ ನಿಮಗೆ ವರ್ಷದೊಳಗೇ ಹೂ ಕೊಟ್ಟಿತ್ತು. ಆ ದಿನ ಮುದುಕರೊಬ್ಬರಿಗೆ ಎಡಗಣ್ಣಿನ ನಂಬರನ್ನು ಬಲಗಣ್ಣಿಗೆ ಬರೆದು, ಅವರು ಬಾಗಿಲವರೆಗೆ ಹೋದ ಮೇಲೆ ಓಡಿಹೋಗಿ ತಿದ್ದಿ ಕೊಟ್ಟೆ.

ಮಾರನೆಯ ದಿನ ಊಟದ ಬಿಡುವಿನಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು, ಅಕ್ಷರ ತೋರಿಸುವ ದೊಡ್ಡ ಪರದೆಯ ಮೇಲೆ ಆ ಫೋಟೋ ಹಾಕಿದೆ. ಮಗಳ ಗಿಡದ ಹೂ ಕಣ್ತುಂಬ ನೋಡಲು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಹುಡುಕುತ್ತಿದ್ದದ್ದು ಹುಳುಕನ್ನೇ. ಸಿಕ್ಕಿತು. ಜಗಳಗಂಟಿಯ ಜಾತಿ ಹೂ ಬಿಡುವುದು ನೆತ್ತಿಯ ಸುತ್ತ, ಬಳೆ ತೊಡಿಸಿದ ಹಾಗೆ, ಸಣ್ಣ ಸಣ್ಣ ಹೂ. ನಟ್ಟನಡುವೆ ಟೋಪಿಯಂತೆ ಒಂದೇ ದೊಡ್ಡ ಹೂ ಅದಕ್ಕೆ ಬರುವುದಿಲ್ಲ. ಪರದೆಯ ಮೇಲೆ ಎಸಳಿನ ಬುಡದಲ್ಲಿ ಅಂಟಿನ ಹನಿಯೊಂದು ಹೊಳೆಯುತ್ತಿತ್ತು. ಗಿಡ ಮಾರುವವರಲ್ಲಿ ಕೆಲವರು ಬಣ್ಣ ಹಾಕಿದ ಒಣ ಹೂವನ್ನು ಹೀಗೆ ಅಂಟಿಸುತ್ತಾರೆ, ಬೇಗ ಮಾರಾಟವಾಗಲೆಂದು. ಇನ್ನು ಮುಳ್ಳು. ಎಲ್ಲವೂ ನೆಟ್ಟಗಿದ್ದವು. ಒಂದಕ್ಕೂ ಕೊಕ್ಕೆಯಿರಲಿಲ್ಲ.

ಏನಾಗಿರಬಹುದೆಂದು ಊಹಿಸುವುದು ಕಷ್ಟವಾಗಲಿಲ್ಲ. ಕಡ್ಡಿ ಕೋರ್ಸಿನವರ ಜೊತೆ ಎರಡು ವಾರ ಪ್ರವಾಸ ಹೋಗಿದ್ದಳಲ್ಲ, ಆಗ ಗಿಡ ನಿಮ್ಮ ಕೈಯಲ್ಲಿತ್ತು. ನೀರೇ ನಿಮ್ಮ ಕಸುಬು, ಕಳ್ಳಿಗೂ ಈಜು ಕಲಿಸಿಬಿಟ್ಟಿರಿ. ಬೇಜಾರಾಗಬೇಡಿ, ಶುರುವಿನಲ್ಲಿ ಎಲ್ಲರೂ ಹಾಗೆಯೇ ಕೊಲ್ಲುತ್ತಾರೆ. ನೀರು ಹೆಚ್ಚಾಗಿ ಸಾಯುವ ಕಳ್ಳಿ ಸಾಯುತ್ತಿದ್ದೇನೆ ಎಂದು ಹೇಳುವುದೂ ಇಲ್ಲ. ಮೇಲೆ ಹಸಿರಾಗಿಯೇ ಇದ್ದು, ಒಂದು ಬೆಳಿಗ್ಗೆ ಬೆರಳು ತಾಕಿಸಿದರೆ ಮೆತ್ತಗೆ ಒಳಗೆ ಹೋಗುತ್ತದೆ. ಆಗ ನಿಮಗೆ ಏನನಿಸಿತೋ. ನಾನು ನಿಮ್ಮನ್ನು ಬಹಳ ಸಲ ಕಲ್ಪಿಸಿಕೊಂಡಿದ್ದೇನೆ: ಒದ್ದೆ ಕೂದಲಲ್ಲೇ ಸ್ಕೂಟರ್ ಹತ್ತಿ, ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಗಿ, ಅಷ್ಟೇ ಗಾತ್ರದ್ದು, ಅಷ್ಟೇ ಗುಂಡಗಿರುವುದು ಬೇಕೆಂದು ಕೇಳುತ್ತಿದ್ದೀರಿ. ಹೂ ಇರುವುದೇ ಸಿಕ್ಕಿದ್ದು ನಿಮಗೆ ಅದೃಷ್ಟ ಅನಿಸಿರಬೇಕು.

ಈಗ ನನ್ನ ಸಂತೋಷದ ಬಗ್ಗೆ ಹೇಳಬೇಕು. ಅದು ಬರೀ ಹುಳುಕು ಸಿಕ್ಕ ಸಂತೋಷವಲ್ಲ. ಮೂರು ವಾರದ ಹಿಂದೆ ಕಡ್ಡಿ, ಡಿಗ್ರಿಯನ್ನೂ ಅಲ್ಲೇ ಓದಲೇ ಎಂದು ಕೇಳಿದ್ದಾಳೆ. ಇನ್ನೂ ಮೂರು ವರ್ಷ, ನಿಮ್ಮ ಮನೆಯಲ್ಲಿ. ಇಲ್ಲಿಯ ಕಾಲೇಜಿನಲ್ಲೂ ಸೀಟು ಸಿಕ್ಕಿದೆ. "ನೀನು ಬೇಡ ಅಂದ್ರೆ ಬಂದ್ಬಿಡ್ತೀನಮ್ಮ, ನಿಜವಾಗ್ಲೂ" ಎಂದಳು. ಅವಳ ಅಪ್ಪ ಫೋನು ಮಾಡಿ, "ಅವಳು ಎಲ್ಲಿ ಖುಷಿಯಾಗಿರ್ತಾಳೋ ಅಲ್ಲಿರ್ಲಿ ಬಿಡು, ನಿಂಗೆ ಹೆಂಗೂ ಗಿಡಗಳಿವೆ" ಎಂದರು. ಅವರಿಗೆ ಉತ್ತರ ಕೊಡಲಿಲ್ಲ. ಅವಳಿಗೂ ಇನ್ನೂ ಕೊಟ್ಟಿಲ್ಲ.

ಕಡ್ಡಿ ಏನನ್ನಾದರೂ ಕ್ಷಮಿಸುತ್ತಾಳೆ, ಸುಳ್ಳನ್ನು ಕ್ಷಮಿಸುವುದಿಲ್ಲ. ಕೆಲಸದ ಮೇಲೆ ಎರಡು ವಾರ ಹೋಗಿಬರುತ್ತೇನೆ ಎಂದು ಅವಳಿಗೆ ಹೇಳಿಹೋದ ಅಪ್ಪ ವಾಪಸು ಬರಲಿಲ್ಲ. ಒಂದು ವರ್ಷ ಅವಳು ಅವರ ಜೊತೆ ಮಾತು ಬಿಟ್ಟಿದ್ದಳು. ನೀವು ಅವರ ಬದುಕಿಗೆ ಬಂದದ್ದು ಅದಾಗಿ ಎಷ್ಟೋ ಕಾಲದ ಮೇಲೆ, ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಅಂಥ ಹುಡುಗಿಗೆ ನಾನೀಗ ಒಂದು ಸಾಲು ಬರೆದರೆ ಸಾಕು: ಅದು ನಿನ್ನ ಗಿಡವಲ್ಲ, ನಿನ್ನದು ಸತ್ತಿದೆ, ಚಿಕ್ಕಿ ಮುಚ್ಚಿಟ್ಟಿದ್ದಾರೆ. ಆ ಸಾಲನ್ನು ಫೋನಿನಲ್ಲಿ ಬರೆದೆ, ಅಳಿಸಿದೆ. ಮತ್ತೆ ಬರೆದೆ. ಸತ್ಯವನ್ನೇ ಹೇಳುತ್ತಿದ್ದೇನಲ್ಲ ಎಂಬ ಸಮಾಧಾನವೂ ಇತ್ತು. ಇಷ್ಟು ವರ್ಷದಲ್ಲಿ ನನ್ನ ಕೈಗೆ ಇಷ್ಟು ಹರಿತವಾದ ಸತ್ಯ ಸಿಕ್ಕಿರಲಿಲ್ಲ.

ಯಾಕೆ ಕಳಿಸಲಿಲ್ಲ? ಒಳ್ಳೆಯತನವೆಂದು ಬರೆದುಕೊಳ್ಳುವ ಆಸೆಯಿದೆ, ಆದರೆ ಹಾಗಲ್ಲ. ಸಾಲನ್ನು ಅಳಿಸಿ ಬರೆಯುವ ನಡುವೆ ಒಂದು ಪ್ರಶ್ನೆ ಹೊಕ್ಕಿತು. ಗಿಡ ನನ್ನ ಕೈಯಲ್ಲಿ ಸತ್ತಿದ್ದರೆ ನಾನು ಏನು ಮಾಡುತ್ತಿದ್ದೆ? ಅವಳು ಮನೆಗೆ ಬಂದ ಕೂಡಲೆ, "ಸತ್ತುಹೋಯ್ತು ಕಣೆ. ನೀನು ಬಿಟ್ಟುಹೋಗಿದ್ದೆಯಲ್ಲ" ಎನ್ನುತ್ತಿದ್ದೆ. ಅದು ಖಂಡಿತ. ನೀವು ಊರೆಲ್ಲ ಅಲೆದಿರಿ. ಅವಳ ಮುಖ ಬಾಡುವುದನ್ನು ನೋಡಲಾರದೆ ಹೋದದ್ದು ಯಾರು, ಹೆತ್ತವಳೋ ನೀವೋ? ಆವರೆಗೆ ನಿಮ್ಮ ಸ್ಕೂಟರಿನ ಮೇಲೆ, ಕತ್ತರಿಯ ಮೇಲೆ, ಕೊಳದ ಮೇಲೆ ಹೊಟ್ಟೆ ಉರಿದಿತ್ತು. ಆಮೇಲೆ ಉರಿದದ್ದು ನಿಮ್ಮ ಸುಳ್ಳಿನ ಮೇಲೆ. ಅಂಥ ಸುಳ್ಳನ್ನು ನಾನು ಹೇಳಬೇಕಿತ್ತು, ಅವಳಿಗಾಗಿ, ಅಷ್ಟು ಅಡ್ಡಾದಿಡ್ಡಿಯಾಗಿ.

ಇಂದು ಬೆಳಿಗ್ಗೆ ಜಗಳಗಂಟಿಯ ಬುಡದಿಂದ ಇನ್ನೊಂದು ಮರಿ ಕತ್ತರಿಸಿದ್ದೇನೆ, ಅಲ್ಲಿ ಸತ್ತದ್ದು ಈಗಿರಬೇಕಾಗಿದ್ದಷ್ಟೇ ಗಾತ್ರದ್ದು. ಇದರ ಜೊತೆ ಕಳಿಸುತ್ತೇನೆ. ಅವಳು ಕೋರ್ಸಿಗೆ ಹೋದಾಗ ಕುಂಡ ಬದಲಿಸಿಬಿಡಿ. ಹೂ ಬಾಡಿ ಉದುರಿತು ಎನ್ನಿ. ನಿಜವಾದ ಹೂ ನಾಲ್ಕೈದು ದಿನದ ಮೇಲೆ ಉಳಿಯುವುದಿಲ್ಲ. ನಿಮ್ಮದು ತಿಂಗಳಾದರೂ ಹಾಗೆಯೇ ನಿಂತರೆ ನನ್ನ ಮಗಳಿಗೆ ಸಂಶಯ ಬಂದೇ ಬರುತ್ತದೆ. ಮರಳು, ಇಟ್ಟಿಗೆ ಚೂರು, ಸ್ವಲ್ಪವೇ ಮಣ್ಣು. ನೆಟ್ಟ ಮೇಲೆ ಎರಡು ವಾರ ನೀರು ತೋರಿಸಬೇಡಿ. ಕೈ ತಡೆಯದಿದ್ದರೆ ಕೊಳಕ್ಕೆ ಹೋಗಿ ಬನ್ನಿ.

ಅವಳು ಅಲ್ಲಿರಬೇಕೋ ಇಲ್ಲಿಗೆ ಬರಬೇಕೋ ಎಂಬುದಕ್ಕೆ ಇದು ಉತ್ತರ ಎಂದುಕೊಳ್ಳಬೇಡಿ. ಅವಳನ್ನು ವಾಪಸು ಕರೆಸಿಕೊಳ್ಳಬೇಕೆಂದು ಈಗಲೂ ಇದೆ. ಕರೆಯುವುದಾದರೆ ನಿಮ್ಮ ಗಿಡವನ್ನು ಮುಂದಿಟ್ಟುಕೊಂಡು ಕರೆಯುವುದಿಲ್ಲ, ಅಷ್ಟೇ.

ಇಂತಿ,
ಅವಳ ಅಮ್ಮ

ಗುರುವಾರ, ಇಪ್ಪತ್ತನೇ ತಾರೀಖು

ಮರೆತಿದ್ದೊಂದನ್ನು ಸೇರಿಸುತ್ತಿದ್ದೇನೆ ಎಂದು ಬರೆಯಲಾರೆ. ಮರೆತಿರಲಿಲ್ಲ, ಗೊತ್ತಿರಲಿಲ್ಲ.

ನಿನ್ನೆ ಸಂಜೆ ಕಡ್ಡಿ ಫೋನು ಮಾಡಿದ್ದಳು. ಮಾತಿನ ನಡುವೆ, ಏನೂ ಅರಿಯದವಳ ಹಾಗೆ, ಹೂ ಇನ್ನೂ ಇದೆಯೇ ಎಂದು ಕೇಳಿದೆ. ಆ ಕಡೆಯಿಂದ ನಗು, ತಡೆದುಕೊಂಡು ತಡೆದುಕೊಂಡು ಒಡೆದ ನಗು.

"ಅಮ್ಮ, ನಿಂಗೂ ಗೊತ್ತು ತಾನೆ? ನಿಜ ಹೇಳು. ನಾನು ಪ್ರವಾಸದಿಂದ ಬಂದ ದಿನವೇ ಅದರ ಪಕ್ಕ ಕೈಯಾಡಿಸ್ದೆ, ಅದು ನನ್ನ ತೋಳು ಹಿಡೀಲೇ ಇಲ್ಲ! ಜಗಳಗಂಟಿ ಯಾವತ್ತು ಅಷ್ಟು ಮರ್ಯಾದಸ್ಥೆ ಆಗಿದ್ಲು? ಮತ್ತೆ ಆ ಹೂವು, ಸಂಜೆ ಮುಚ್ಕೊಳಲ್ಲ, ಬಾಡಲ್ಲ. ಚಿಕ್ಕಿ ದಿನಾ ಬೆಳಿಗ್ಗೆ ಸಣ್ಣ ಬ್ರಶ್ಶಲ್ಲಿ ಅದರ ಧೂಳು ಒರೆಸ್ತಾರೆ ಕಣಮ್ಮ, ಪಾಪ. ನಾನು ನೋಡಿಲ್ಲ ಅಂದ್ಕೊಂಡಿದ್ದಾರೆ. ನಾನು ಕೆಮ್ಕೊಂಡೇ ಅಡುಗೆಮನೆಗೆ ಹೋಗ್ತೀನಿ."

ಅವರಿಗೆ ಹೇಳಲಿಲ್ಲವೇ ಎಂದು ಕೇಳಿದೆ. ಸುಳ್ಳೆಂದರೆ ಉರಿದುಬೀಳುವವಳಲ್ಲವೇ ನೀನು ಎಂದೂ ಕೇಳಿದೆ.

"ಇದು ಆ ಥರದ ಸುಳ್ಳಲ್ಲಮ್ಮ" ಎಂದಳು. ಫೋಟೋ ಏಕೆ ಕಳಿಸಿದೆ ಎಂದಾಗ, "ನೀನು ಕಂಡುಹಿಡೀತೀಯ ಅಂತ ಗೊತ್ತಿತ್ತು. ಹೇಳಿಬಿಡ್ತೀಯೇನೋ ಅಂತ ಹೆದರ್ಕೊಂಡಿದ್ದೆ. ನೀನು ಹೇಳ್ಲಿಲ್ಲ" ಎಂದಳು.

ನಾನು ಅಳಿಸಿದ ಸಾಲಿನ ಬಗ್ಗೆ ಅವಳಿಗೆ ಹೇಳಲಿಲ್ಲ. ನಿಮಗೆ ಮಾತ್ರ ಹೇಳಿದ್ದೇನೆ. ಫೋನು ಹಿಡಿದುಕೊಂಡೇ ನಲ್ಲಿ ತಿರುಗಿಸಿ, ತೊಳೆದಿಟ್ಟ ಲೋಟವೊಂದನ್ನು ಇನ್ನೊಮ್ಮೆ ತೊಳೆದು, ಡಿಗ್ರಿಯನ್ನೂ ಅಲ್ಲೇ ಇದ್ದು ಓದು ಎಂದೆ. ಅವಳು ಹೋ ಎಂದು ಕೂಗಿದಳು. ಅಷ್ಟು ಜೋರಾಗಿ ಕೂಗಬೇಕಿರಲಿಲ್ಲ.

ಚಿಕ್ಕಿಗೆ ಏನೂ ಹೇಳಬೇಡ, ಅವರಿಗೆ ಬೇಜಾರಾಗುತ್ತದೆ ಎಂದು ಎರಡೆರಡು ಸಲ ಹೇಳಿ ಫೋನಿಟ್ಟಳು. ನಾನು ಹೇಳುತ್ತಿದ್ದೇನೆ. ನಿಮ್ಮ ಹಿತಕ್ಕಾಗಿ ಎಂದು ನಂಬಬೇಡಿ. ನೀವು ಅವಳಿಗಾಗಿ, ಅವಳು ನಿಮಗಾಗಿ, ಒಂದೇ ಕುಂಡದ ಸುತ್ತ ಕಾಲ ತುದಿಯಲ್ಲಿ ಓಡಾಡುತ್ತಿದ್ದೀರಿ. ಅಷ್ಟು ಚೆಂದದ ಗುಟ್ಟು ನಿಮ್ಮಿಬ್ಬರ ನಡುವೆ ಇರುವುದನ್ನು, ನಾನು ಹೊರಗೆ ನಿಂತು ನೋಡುವುದನ್ನು, ನನ್ನಿಂದ ತಾಳಲಾಗುವುದಿಲ್ಲ. ನನ್ನನ್ನೂ ಒಳಗೆ ಸೇರಿಸಿಕೊಳ್ಳಿ.

ಆದ್ದರಿಂದ ಕುಂಡ ಬದಲಿಸುವ ಕಳ್ಳಾಟ ಬೇಡ. ಮರಿಯನ್ನು ಅವಳ ಎದುರೇ ಬಿಚ್ಚಿ, ಅಮ್ಮ ಕಳಿಸಿದ್ದು ಎನ್ನಿ. ಅವಳೇ ನೆಡಲಿ, ನೀವು ಕೈಕಟ್ಟಿಕೊಂಡು ಪಕ್ಕದಲ್ಲಿ ನಿಲ್ಲಿ. ತೋಳಿನ ಬಟ್ಟೆ ಸಿಕ್ಕಿಕೊಂಡರೆ ಎಳೆಯಬೇಡಿ. ಗಿಡದ ಕಡೆಗೇ ಒಂದಿಷ್ಟು ಸರಿದರೆ ಕೊಕ್ಕೆ ತಾನಾಗಿ ಬಿಡುತ್ತದೆ. ಅಂಗಡಿಯ ಆ ಸಾಧು ಗಿಡವನ್ನೂ ಎಸೆಯಬೇಡಿ, ಅದರದ್ದೇನು ತಪ್ಪು. ಹೂ ಕೀಳಲು ಹೋದರೆ ನೆತ್ತಿ ಕಿತ್ತುಬರುತ್ತದೆ, ಹಾಗೇ ಬಿಡಿ. ಧೂಳು ಒರೆಸುವುದನ್ನು ಮಾತ್ರ ನಿಲ್ಲಿಸಬಹುದು.

ಇದನ್ನು ಇವತ್ತೇ ಕಳಿಸಿಬಿಡುವ ಆತುರವಿದೆ, ನಾಳೆ ಮನಸ್ಸು ಬದಲಾದೀತೆಂಬ ಹೆದರಿಕೆಯಿಂದ. ಆದರೆ ಮರಿಯನ್ನು ಕತ್ತರಿಸಿದ ಜಾಗ ಇನ್ನೂ ಹಸಿಯಾಗಿದೆ. ಹಸಿಯಾಗಿರುವಾಗ ಸುತ್ತಿ ಕಳಿಸಿದರೆ ದಾರಿಯಲ್ಲೇ ಕೊಳೆಯುತ್ತದೆ, ಗಾಳಿಯಲ್ಲಿಟ್ಟು ಕಾಯಬೇಕು. ಈಗಷ್ಟೇ ಬೆರಳಿನಿಂದ ಮುಟ್ಟಿ ನೋಡಿದೆ. ಇನ್ನೂ ನಾಲ್ಕು ದಿನ ಬೇಕು. ಸೋಮವಾರ, ಇಪ್ಪತ್ತನಾಲ್ಕನೇ ತಾರೀಖು, ಅಂಚೆಗೆ ಹಾಕುತ್ತೇನೆ.